ಎಂಟು ಯಂತ್ರಕ್ಕೆ ಒಬ್ಬಳು

ಪೇಟೆ ಬೀದಿಯಲ್ಲಿ ಚಿಕ್ಕದೊಂದು ದಿನಸಿ ಅಂಗಡಿ ಇಟ್ಟಿರುವ ನಮ್ಮ ಪತ್ರಿಕೆಯ ಹಳೆಯ ಚಂದಾದಾರರೊಬ್ಬರು ಕಳೆದ ವಾರ ಕಚೇರಿಗೆ ಬಂದಿದ್ದರು. ಅವರ ಮಗಳು ಇಂಗ್ಲೆಂಡಿನಲ್ಲಿ ಓದುತ್ತಿದ್ದಾಳೆ. ಸಾಲ ಮಾಡಿ ಕಳಿಸಿದ ಓದು. ಊಟ, ಬಾಡಿಗೆಯ ಖರ್ಚಿಗೆಂದು ಹುಡುಗಿ ಅಲ್ಲಿಯ ದೊಡ್ಡ ದಿನಸಿ ಮಳಿಗೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಪದವಿ ಓದಲು ಬಂದ ಪರದೇಶದ ವಿದ್ಯಾರ್ಥಿಗಳು ಪಾಠದ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವುದಕ್ಕೆ ಆ ದೇಶದ ಸರಕಾರ ಬಿಡುವುದಿಲ್ಲ. ಆ 20 ಗಂಟೆಯನ್ನು ಅವಳು ಪೂರ್ತಿ ದುಡಿಯುತ್ತಾಳೆ.

"ಅಂಗಡಿ ಕೆಲಸ ಅಂದರೆ ನನಗೆ ಗೊತ್ತಿಲ್ಲವೇ ಸ್ವಾಮಿ? ಅವಳು ಬೆಳೆದದ್ದೇ ಗಲ್ಲಾಪೆಟ್ಟಿಗೆ ಪಕ್ಕ," ಎಂದರು ಆ ವರ್ತಕರು. "ಆದರೆ ಅಲ್ಲಿ ಅವಳು ಸಾಮಾನು ತೆಗೆದು ಕೊಡೋದಿಲ್ಲವಂತೆ, ತೂಗೋದಿಲ್ಲವಂತೆ, ದುಡ್ಡು ಎಣಿಸೋದೂ ಇಲ್ಲವಂತೆ. ರಾತ್ರಿ ಫೋನು ಮಾಡಿದರೆ ಕಾಲು ನೋವು ಅಂತಾಳೆ. ನಿನ್ನ ಕೆಲಸ ಏನಮ್ಮ ಅಂತ ಕೇಳಿದರೆ, ಎಂಟು ಯಂತ್ರ ನೋಡಿಕೊಳ್ಳೋದು ಅಪ್ಪಾ ಅಂತಾಳೆ. ಯಂತ್ರ ನೋಡಿಕೊಳ್ಳೋಕೆ ಅದೇನು ಗಿರಣಿಯೇ?"

ಗಿರಣಿಯೇ ಎಂದು ನಾವು ಹೇಳಿದೆವು. ಅವರು ನಕ್ಕರು, ನಾವು ತಮಾಷೆ ಮಾಡುತ್ತಿದ್ದೇವೆಂದುಕೊಂಡರು. ತಮಾಷೆಯಲ್ಲವೆಂಬುದನ್ನು ಅವರಿಗೂ, ಅವರ ಹಾಗೆ ಪರದೇಶಕ್ಕೆ ಮಕ್ಕಳನ್ನು ಕಳಿಸಿರುವ ಬೇರೆ ಓದುಗರಿಗೂ ವಿವರಿಸಬೇಕೆಂದು ಈ ವಾರ ಈ ವಿಚಾರವನ್ನು ಎತ್ತಿಕೊಂಡಿದ್ದೇವೆ.

ನಮ್ಮ ಓದುಗರಲ್ಲಿ ಬಹಳ ಮಂದಿ ಆ ಯಂತ್ರವನ್ನು ಕಂಡಿರಲಾರರು. ಬೆಂಗಳೂರಿನ ಕೆಲವು ದೊಡ್ಡ ಮಳಿಗೆಗಳಿಗೆ ಅದು ಬಂದಿದೆ, ನಮ್ಮ ಊರಿನ ದಿನಸಿ ಅಂಗಡಿಗಳಿಗೆ ಬಂದಿಲ್ಲ. ಅಮೆರಿಕ, ಇಂಗ್ಲೆಂಡುಗಳಲ್ಲಿ ಅದಕ್ಕೆ ಸೆಲ್ಫ್ ಚೆಕೌಟ್ ಎನ್ನುತ್ತಾರೆ. ಮಳಿಗೆಯ ಬಾಗಿಲ ಹತ್ತಿರ ಆರೋ ಎಂಟೋ ಯಂತ್ರಗಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಒಂದೊಂದಕ್ಕೂ ಒಂದು ಪರದೆ, ಸಾಮಾನಿನ ಮೇಲೆ ಅಚ್ಚಾಗಿರುವ ಕಪ್ಪು ಗೆರೆಗಳ ಗುರುತನ್ನು ಓದುವ ಗಾಜಿನ ಕಣ್ಣು, ಪಕ್ಕದಲ್ಲಿ ಚೀಲ ಇಡುವ ಹಲಗೆ. ಗಿರಾಕಿ ತಾನೇ ಒಂದೊಂದು ಸಾಮಾನನ್ನೂ ಆ ಕಣ್ಣಿಗೆ ತೋರಿಸಬೇಕು, ಚೀಲಕ್ಕೆ ಹಾಕಬೇಕು, ಹಣ ಕಟ್ಟಬೇಕು, ರಸೀದಿ ಹರಿದುಕೊಳ್ಳಬೇಕು. ಹಲಗೆಯ ಕೆಳಗೆ ಒಂದು ತಕ್ಕಡಿ ಅಡಗಿರುತ್ತದೆ. ಯಾವ ಸಾಮಾನು ಎಷ್ಟು ತೂಗುತ್ತದೆಂಬುದು ಯಂತ್ರದ ನೆನಪಿನಲ್ಲಿ ಮೊದಲೇ ಇದೆ. ಹಲಗೆಯ ಮೇಲೆ ಬಿದ್ದ ತೂಕ ಅದಕ್ಕೆ ಸರಿಹೊಂದಬೇಕು. ಹೊಂದದಿದ್ದರೆ ಯಂತ್ರ ಅಲ್ಲಿಗೇ ನಿಂತುಬಿಡುತ್ತದೆ, ತಲೆಯ ಮೇಲಿನ ದೀಪ ಬಣ್ಣ ಬದಲಿಸುತ್ತದೆ, ಇಡಬಾರದ ವಸ್ತು ಇಟ್ಟಿದ್ದೀರಿ ಎಂದು ಹತ್ತು ಜನರ ಮುಂದೆ ಸಾರುತ್ತದೆ. ಮಗು ಬಂದು ಹಲಗೆಗೆ ಒರಗಿದರೂ ಅಷ್ಟೆ, ಮನೆಯಿಂದ ತಂದ ಕೈಚೀಲ ಇಟ್ಟರೂ ಅಷ್ಟೆ, ಇಟ್ಟ ಸೊಪ್ಪಿನ ಕಟ್ಟು ತೀರ ಹಗುರಾಗಿದ್ದರೂ ಅಷ್ಟೆ. ಆಗ ಓಡಿ ಬರಬೇಕಾದವಳು ನಮ್ಮ ವರ್ತಕರ ಮಗಳು.

ಈ ವ್ಯವಸ್ಥೆ ಒಂದು ದಿನದಲ್ಲಿ ಹುಟ್ಟಿದ್ದಲ್ಲ. ಚೀಟಿ ಕೊಟ್ಟು ಸಾಮಾನು ತರುವುದು ನಮ್ಮ ಊರಿನಲ್ಲಿ ಇನ್ನೂ ನಡೆದಿರುವ ಪದ್ಧತಿ. ಗಿರಾಕಿ ಹೊರಗೆ ನಿಂತು ಹೇಳುತ್ತಾನೆ, ಅಂಗಡಿಯವ ಒಳಗಿಂದ ತೆಗೆದು, ತೂಗಿ, ಕಟ್ಟಿ ಕೊಡುತ್ತಾನೆ. ಅಮೆರಿಕದಲ್ಲೂ ಹೀಗೇ ಇತ್ತು. 1916ರಲ್ಲಿ ಟೆನ್ನೆಸ್ಸೀ ರಾಜ್ಯದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬ ವರ್ತಕ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದು, ಗಿರಾಕಿಗಳನ್ನೇ ಒಳಗೆ ಬಿಟ್ಟ. ಬುಟ್ಟಿ ಹಿಡಿದು ತಾವೇ ಸಾಮಾನು ಆಯ್ದುಕೊಂಡು ಬಂದು ಬಾಗಿಲಲ್ಲಿ ದುಡ್ಡು ಕೊಡಬೇಕು. ತೆಗೆದು ಕೊಡುವ ಗುಮಾಸ್ತರ ಕೆಲಸ ಆವತ್ತಿನಿಂದ ಗಿರಾಕಿಯ ಕೈಗೆ ಹೋಯಿತು. 1974ರ ಜೂನ್ 26ರಂದು ಓಹಾಯೋ ರಾಜ್ಯದ ಟ್ರಾಯ್ ಎಂಬ ಊರಿನ ಅಂಗಡಿಯಲ್ಲಿ ಕಪ್ಪು ಗೆರೆಗಳ ಗುರುತಿದ್ದ ಚ್ಯೂಯಿಂಗ್ ಗಮ್ ಪೊಟ್ಟಣವನ್ನು ಮೊದಲ ಸಲ ಯಂತ್ರದ ಕಣ್ಣಿಗೆ ಹಿಡಿದರು. ಬೆಲೆ 67 ಸೆಂಟು. ಬೆಲೆ ನೆನಪಿಟ್ಟುಕೊಂಡು ಒತ್ತುವ ಕೌಶಲ ಅಲ್ಲಿಂದ ಬೇಡವಾಗುತ್ತ ಬಂತು. 1986ರಲ್ಲಿ ಅಟ್ಲಾಂಟಾ ಹತ್ತಿರದ ಕ್ರೋಗರ್ ಮಳಿಗೆಯೊಂದರಲ್ಲಿ ಡೇವಿಡ್ ಹಂಬಲ್ ಎಂಬವರ ಕಂಪನಿ ಮಾಡಿದ ಯಂತ್ರವನ್ನು ಇಟ್ಟು, ಗೆರೆ ತೋರಿಸುವ ಕೆಲಸವನ್ನೂ ಗಿರಾಕಿಗೇ ಒಪ್ಪಿಸಿ ನೋಡಿದರು. ಹೀಗೆ ಎಪ್ಪತ್ತು ವರ್ಷಗಳಲ್ಲಿ ಅಂಗಡಿಯ ಕೆಲಸಗಳು ಒಂದೊಂದಾಗಿ ಗಿರಾಕಿಯ ಹೆಗಲಿಗೆ ಬಂದವು. ಇವುಗಳಿಗೆ ಅವನಿಗೆ ಯಾರೂ ಕೂಲಿ ಕೊಡಲಿಲ್ಲ. ಸಾಂಡರ್ಸನು ಉಳಿದ ಗುಮಾಸ್ತರ ಸಂಬಳದ ಒಂದು ಪಾಲನ್ನು ಬೆಲೆಯಲ್ಲಿ ಇಳಿಸಿದನೆಂಬುದನ್ನಾದರೂ ಒಪ್ಪಬೇಕು. ಈಗಿನ ಯಂತ್ರದ ಬಳಿ ಹೋದರೂ, ಅದರ ಪಕ್ಕದಲ್ಲೇ ಮನುಷ್ಯ ಕುಳಿತ ಗಲ್ಲಾಕ್ಕೆ ಹೋದರೂ, ಸಕ್ಕರೆಯ ಬೆಲೆ ಒಂದೇ.

ಇಷ್ಟಾದ ಮೇಲೂ ಕೆಲಸ ಮುಗಿದುಹೋಗಿಲ್ಲ. ಎಂಟು ಯಂತ್ರಗಳ ನಡುವೆ ಉಳಿದ ಕೆಲಸವೆಲ್ಲ ಒಬ್ಬಳ ಮೇಲೆ ಬಂದು ಕೂತಿದೆ.

ಅವಳ ಪಾಳಿಯನ್ನು ಸ್ವಲ್ಪ ನೋಡೋಣ. ಎರಡನೆಯ ಯಂತ್ರದಲ್ಲಿ ತೂಕ ಹೊಂದಿಲ್ಲ, ಹೋಗಿ ನೋಡಿ ಒಪ್ಪಿಗೆ ಒತ್ತಬೇಕು. ಐದನೆಯದರಲ್ಲಿ ಮದ್ಯದ ಸೀಸೆ ತೋರಿಸಿದ್ದಾರೆ, ವಯಸ್ಸು ನೋಡದೆ ಯಂತ್ರ ಮುಂದೆ ಹೋಗದು. ಏಳನೆಯದರಲ್ಲಿ ಒಬ್ಬ ಮುದುಕ ಬೆಲೆ ಹೆಚ್ಚೆಂದು ಒಂದು ಡಬ್ಬಿಯನ್ನು ವಾಪಸು ಮಾಡಬೇಕೆನ್ನುತ್ತಾನೆ. ಅದನ್ನು ಲೆಕ್ಕದಿಂದ ತೆಗೆಯುವ ಅಧಿಕಾರ ಅವಳ ಕಾರ್ಡಿಗೆ ಮಾತ್ರ ಉಂಟು. ಒಂದರಲ್ಲಿ ರಸೀದಿ ಕಾಗದ ಮುಗಿದಿದೆ, ಇನ್ನೊಂದರಲ್ಲಿ ನೋಟು ಸಿಕ್ಕಿಕೊಂಡಿದೆ. ಬಟ್ಟೆಗೆ ಹಾಕಿದ ಕಳ್ಳತನದ ಗುಂಡಿಯನ್ನು ಬಿಚ್ಚಿಕೊಡಬೇಕು, ರಿಯಾಯಿತಿ ಚೀಟಿ ಓದಿಸಬೇಕು, ಚೆಲ್ಲಿದ ಹಾಲು ಒರೆಸಬೇಕು. ಇದರ ನಡುವೆ ಯಾರು ಯಾವುದನ್ನು ತೋರಿಸದೆ ಚೀಲಕ್ಕೆ ಹಾಕಿದರೆಂಬ ಕಡೆಗೂ ಕಣ್ಣಿಟ್ಟಿರಬೇಕು. ಪ್ರತಿಯೊಬ್ಬರೂ ತಮ್ಮದೇ ಮೊದಲು ಎನ್ನುತ್ತಾರೆ. ಪ್ರತಿಯೊಬ್ಬರಿಗೂ ಅವರದು ಒಂದೇ ಯಂತ್ರ ಕಾಣುವುದು, ಅವಳಿಗೆ ಎಂಟೂ ಕಾಣುತ್ತದೆ. ಗಲ್ಲಾದಲ್ಲಿ ಕೂತವಳಿಗೆ ಒಬ್ಬ ಗಿರಾಕಿ ಮುಗಿದ ಮೇಲೆ ಇನ್ನೊಬ್ಬನಾದರೂ ಬರುತ್ತಿದ್ದ. ಇಲ್ಲಿ ಸಾಲೇ ಇಲ್ಲ, ಎಲ್ಲ ದಿಕ್ಕಿನಿಂದಲೂ ಒಮ್ಮೆಗೇ ಕರೆಯುತ್ತಾರೆ.

ಹೇಳಲೇಬೇಕಾದ ಇನ್ನೊಂದು ಮಾತಿದೆ. ಈ ಕೆಲಸದವರಲ್ಲಿ ಕೆಲವರು ಗಲ್ಲಾಕ್ಕಿಂತ ಇದೇ ವಾಸಿ ಎನ್ನುವವರೂ ಉಂಟು. ಗಲ್ಲಾದಲ್ಲಿ ನಿಮಿಷಕ್ಕೆ ಇಷ್ಟು ಸಾಮಾನು ತೋರಿಸಬೇಕೆಂಬ ಲೆಕ್ಕ ಹಿಡಿಯುವ ಮಳಿಗೆಗಳಿವೆ. ಇಲ್ಲಿ ಆ ಲೆಕ್ಕ ಇಲ್ಲ, ಅತ್ತಿತ್ತ ಓಡಾಡಬಹುದು. ಗಿರಾಕಿಗಳಲ್ಲೂ ಎರಡು ಸಾಮಾನು ಹಿಡಿದು ಬೇಗ ಹೋಗಬೇಕೆನ್ನುವವನಿಗೆ ಯಂತ್ರ ಅನುಕೂಲವೇ. ಇದನ್ನು ಮುಚ್ಚಿಟ್ಟು ವಾದ ಮಾಡುವುದರಿಂದ ನಮಗೇನೂ ಲಾಭವಿಲ್ಲ.

ಈಗ ಗಿರಣಿಯ ಮಾತಿಗೆ ಬರೋಣ. ನಮ್ಮ ಹಳೆಯ ನೇಕಾರರಿಗೆ, ಅವರ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1928ರಲ್ಲಿ ಮುಂಬಯಿಯ ಹತ್ತಿ ಗಿರಣಿಗಳಲ್ಲಿ ದಕ್ಷತೆಯ ಯೋಜನೆ ಎಂಬ ಹೆಸರಿನಲ್ಲಿ ಮಾಲೀಕರು ಮಾಡಿದ್ದೇನು? ಎರಡು ಮಗ್ಗ ನೋಡುತ್ತಿದ್ದ ನೇಕಾರನಿಗೆ ಮೂರು ಮಗ್ಗ ಕೊಡಲು ಹೊರಟರು. ನೂಲುವ ಖಾತೆಯಲ್ಲಿ ಒಂದು ಸೈಡು ನೋಡುತ್ತಿದ್ದವನಿಗೆ ಎರಡು ಸೈಡು. ಕೂಲಿಯಲ್ಲಿ ಸ್ವಲ್ಪ ಹೆಚ್ಚು ಕೊಡುತ್ತೇವೆಂದರು. ಹೊರಬಿದ್ದವನ ಕೂಲಿಯೆಲ್ಲ ಉಳಿಯಿತೆಂಬುದನ್ನು ಹೇಳಲಿಲ್ಲ. ಏಪ್ರಿಲಿನಿಂದ ಅಕ್ಟೋಬರಿನವರೆಗೆ ಲಕ್ಷಕ್ಕೂ ಮಿಕ್ಕಿದ ಕಾರ್ಮಿಕರು ಗಿರಣಿಯ ಬಾಗಿಲಾಚೆ ನಿಂತರು. 1955ರಲ್ಲಿ ಕಾನ್ಪುರದ ಗಿರಣಿ ಕಾರ್ಮಿಕರು ಇದೇ ಕಾರಣಕ್ಕೆ 80 ದಿನ ಮುಷ್ಕರ ಹೂಡಿದರು. ಆ ಎರಡು ಮುಷ್ಕರಗಳಲ್ಲೂ ಜಗಳವಿದ್ದದ್ದು ಮಗ್ಗದ ಮೇಲಲ್ಲ. ಒಬ್ಬ ಮನುಷ್ಯನ ಎರಡು ಕಣ್ಣು, ಎರಡು ಕಾಲುಗಳಿಗೆ ಎಷ್ಟು ಮಗ್ಗ ಎಂಬ ಪ್ರಶ್ನೆಯ ಮೇಲೆ. ಆ ಪ್ರಶ್ನೆಯನ್ನು ಮಾಲೀಕನೊಬ್ಬನೇ ತೀರ್ಮಾನಿಸಬಾರದು, ದುಡಿಯುವವನನ್ನೂ ಕೇಳಬೇಕು ಎಂಬುದು ಕಾರ್ಮಿಕರ ವಾದವಾಗಿತ್ತು.

ಇಂಗ್ಲೆಂಡಿನ ಮಳಿಗೆಯಲ್ಲಿ ನಮ್ಮ ಹುಡುಗಿ ನೋಡುತ್ತಿರುವುದೂ ಮಗ್ಗವೇ. ದಾರ ಹರಿದರೆ ಮಗ್ಗ ನಿಲ್ಲುತ್ತದೆ, ಗಂಟು ಹಾಕಿ ಮತ್ತೆ ಓಡಿಸಬೇಕು. ತೂಕ ತಪ್ಪಿದರೆ ಯಂತ್ರ ನಿಲ್ಲುತ್ತದೆ, ಕಾರ್ಡು ತೋರಿಸಿ ಮತ್ತೆ ಓಡಿಸಬೇಕು. ಆದರೆ ಒಂದು ವ್ಯತ್ಯಾಸವನ್ನು ನಮ್ಮ ಗಿರಣಿ ಬಂಧುಗಳು ಗಮನಿಸಬೇಕು. ಮಗ್ಗ ನೇಕಾರನ ಮೇಲೆ ರೇಗುತ್ತಿರಲಿಲ್ಲ. ಇಲ್ಲಿ ಯಂತ್ರ ನಿಂತಾಗಲೆಲ್ಲ ಅದರ ಮುಂದೆ ಒಬ್ಬ ಮನುಷ್ಯ ಇರುತ್ತಾನೆ. ಯಂತ್ರ ಅವನಿಗೆ ಅವಮಾನ ಮಾಡಿರುತ್ತದೆ, ಆ ಸಿಟ್ಟನ್ನು ತೀರಿಸಿಕೊಳ್ಳಲು ಅವನಿಗೆ ಹತ್ತಿರದಲ್ಲಿ ಸಿಗುವುದು ಇವಳೊಬ್ಬಳೇ.

ವಯಸ್ಸು ಕೇಳುವ ಸಂದರ್ಭವನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನಲ್ಲಿ 18 ತುಂಬದವರಿಗೆ ಮದ್ಯ ಮಾರಿದರೆ ಮಾರಿದ ಕೈಯೇ ತಪ್ಪಿತಸ್ಥ ಕೈ. 2003ರ ಪರವಾನಗಿ ಕಾಯಿದೆಯಂತೆ ಅಂಗಡಿಯ ನೌಕರನನ್ನೇ ಹಿಡಿದು ದಂಡ ಹಾಕಬಹುದು. ಕೇಳಿದರೆ ಗಿರಾಕಿಯ ಬೈಗಳು, ಕೇಳದಿದ್ದರೆ ಕಾನೂನಿನ ಭಯ. ನಮ್ಮ ವರ್ತಕರ ಮಗಳಿಗೆ ಒಂದು ಶನಿವಾರ ರಾತ್ರಿ ಹೀಗೆ ಆಯಿತಂತೆ. ಗುರುತಿನ ಚೀಟಿ ತೋರಿಸಿ ಎಂದದ್ದಕ್ಕೆ ಒಬ್ಬ ಅವಳ ಬಣ್ಣವನ್ನು, ಊರನ್ನು ಹಿಡಿದು ಬೈದ. ಸೀಸೆಯನ್ನು ಹಲಗೆಯ ಮೇಲೇ ಕುಕ್ಕಿ ಹೋದ. ಹಲಗೆಯ ಮೇಲೆ ತೂಕ ಬಿದ್ದ ಕೂಡಲೆ ಯಂತ್ರ ಎಂದಿನಂತೆ, ಇಡಬಾರದ ವಸ್ತು ಇಟ್ಟಿದ್ದೀರಿ ಎಂದು ಸಾರಿತು. ಮುಂದಿನ ಗಿರಾಕಿ ಕಾಯುತ್ತಿದ್ದ. ಅವಳು ಕಾರ್ಡು ತೋರಿಸಿ, ಪರದೆ ಒರೆಸಿ, ಬನ್ನಿ ಎಂದಳು. ಇದನ್ನು ಅವಳು ತಾಯಿಗೆ ಹೇಳಿದ್ದು. ತಂದೆಗೆ ಹೇಳಬೇಡ ಎಂದಿದ್ದಳಂತೆ. ಅವರು ನಮ್ಮ ಮುಂದೆ ಇದನ್ನು ಹೇಳುವಾಗ ಮುಖ ತಿರುಗಿಸಿ ಕಿಟಕಿಯ ಕಡೆ ನೋಡುತ್ತಿದ್ದರು.

ಇಂಥದು ಒಬ್ಬಳಿಗೆ ಆದದ್ದಲ್ಲ. ಅಂಗಡಿ ನೌಕರರ ಮೇಲಿನ ಹಲ್ಲೆ, ಬೆದರಿಕೆಗಳಿಗೆ ಪ್ರತ್ಯೇಕ ಕಾನೂನು ಬೇಕೆಂದು ಅಲ್ಲಿಯ ಅಂಗಡಿ ನೌಕರರ ಸಂಘ ಬಹುಕಾಲ ಹೋರಾಡಿದ ಮೇಲೆ, ಸ್ಕಾಟ್ಲೆಂಡಿನ ಶಾಸನಸಭೆ 2021ರಲ್ಲಿ ಅಂಥ ಒಂದು ಕಾಯಿದೆಯನ್ನು ಮಾಡಿತು. ವಯಸ್ಸು ಕೇಳುತ್ತಿದ್ದ ಹೊತ್ತಿನಲ್ಲಿ ನೌಕರನ ಮೇಲೆ ಕೈ ಮಾಡಿದರೆ ಅಪರಾಧ ಇನ್ನೂ ಗುರುತರವೆಂದು ಅದರಲ್ಲಿ ಬರೆದಿದೆ. ವಯಸ್ಸು ಕೇಳುವುದೇ ಅಪಾಯದ ಕೆಲಸವೆಂದು ಶಾಸನವೇ ಒಪ್ಪಿಕೊಂಡಂತಾಯಿತು.

ಇನ್ನು ಕಳ್ಳತನದ ವಿಚಾರ. ಗಲ್ಲಾದಲ್ಲಿ ಒಬ್ಬ ಮನುಷ್ಯ ಕೂತು ಪ್ರತಿ ಸಾಮಾನನ್ನೂ ಕೈಯಲ್ಲಿ ಹಿಡಿದು ದಾಟಿಸುತ್ತಿದ್ದಾಗ ಅವನ ಕಣ್ಣೇ ಕಾವಲಾಗಿತ್ತು. ಆ ಕಣ್ಣನ್ನು ತೆಗೆದುಹಾಕಿ, ಗಿರಾಕಿಯೇ ಲೆಕ್ಕ ಮಾಡಿಕೊಳ್ಳಲಿ ಎಂದರೆ ಏನಾಗಬೇಕೋ ಅದೇ ಆಗಿದೆ. ದುಬಾರಿ ಹಣ್ಣನ್ನು ಹಲಗೆಯ ಮೇಲಿಟ್ಟು ಅಗ್ಗದ ಈರುಳ್ಳಿಯೆಂದು ಪರದೆ ಒತ್ತುವವರಿದ್ದಾರೆ. ಬೇಕೆಂದೇ ಮಾಡುವವರೂ ಉಂಟು, ಗೊತ್ತಾಗದೆ ತಪ್ಪುವವರೂ ಉಂಟು. ಯಂತ್ರಕ್ಕೆ ಇಬ್ಬರೂ ಒಂದೇ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಏಡ್ರಿಯನ್ ಬೆಕ್ ಅವರು ದೊಡ್ಡ ದೊಡ್ಡ ಮಳಿಗೆಗಳವರನ್ನೇ ವಿಚಾರಿಸಿ 2022ರಲ್ಲಿ ಹೊರತಂದ ವರದಿಯಂತೆ, ಲೆಕ್ಕಕ್ಕೆ ಸಿಗದೆ ಹೋಗುವ ನಷ್ಟದಲ್ಲಿ ಶೇಕಡ 23ರವರೆಗೆ ಈ ಯಂತ್ರಗಳ ದಾರಿಯಿಂದಲೇ ಹೋಗುತ್ತದೆ. ಸಂಬಳ ಉಳಿಸಲು ಹೋಗಿ ಸಾಮಾನು ಕಳೆದುಕೊಂಡರು ಎಂದು ನಮ್ಮ ಪೇಟೆಯ ವರ್ತಕರು ನಗಬಹುದು. ನಗುವ ಮೊದಲು, ಆ ನಷ್ಟ ಯಾರ ತಲೆಗೆ ಬಂತು ಎಂಬುದನ್ನು ನೋಡಬೇಕು.

ಮಾಲೀಕರು ಗಲ್ಲಾಗಳಿಗೆ ಜನರನ್ನು ವಾಪಸು ಕರೆಯಲಿಲ್ಲ, ಕೆಲವರನ್ನು ಬಿಟ್ಟರೆ. ತಲೆಯ ಮೇಲೆ ಕ್ಯಾಮೆರಾ ಹಾಕಿದರು. 2023ರ ಸುಮಾರಿಗೆ ಇಂಗ್ಲೆಂಡಿನ ಕೆಲವು ಮಳಿಗೆಗಳು ರಸೀದಿಯನ್ನು ತೋರಿಸಿದರೆ ಮಾತ್ರ ತೆರೆಯುವ ಗೇಟುಗಳನ್ನು ಹಾಕಿಸಿದವು. ಅಲ್ಲಿಗೂ ಸಾಲದೆ, ಎಂಟು ಯಂತ್ರ ನೋಡುವವಳಿಗೆ ಕಾವಲಿನ ಕೆಲಸವನ್ನೂ ಸೇರಿಸಿದರು. ಯಂತ್ರ ಯಾರನ್ನೋ ಆಯ್ದು, ಇವರ ಚೀಲ ನೋಡು ಎನ್ನುತ್ತದೆ. ಅವಳು ಹೋಗಿ, ದಯವಿಟ್ಟು ಚೀಲ ಬಿಚ್ಚಿ ಎನ್ನಬೇಕು. ಎದುರಿಗಿರುವುದು ಯಾರು? ಸಾಮಾನ್ಯವಾಗಿ ಅವಳಷ್ಟೇ ಸಂಪಾದಿಸುವ, ತಿಂಗಳ ಕೊನೆಯಲ್ಲಿ ಲೆಕ್ಕ ಹಾಕಿ ಬ್ರೆಡ್ಡು ಕೊಳ್ಳುವ ಜನ. ಒಬ್ಬಳು ಮುದುಕಿಯ ಚೀಲವನ್ನು ಹೀಗೆ ಬಿಚ್ಚಿಸಿ, ಎಲ್ಲ ಸರಿಯಾಗಿದ್ದು, ಕ್ಷಮಿಸಿ ಎಂದು ಮತ್ತೆ ತುಂಬಿಕೊಟ್ಟದ್ದು ಬೈಸಿಕೊಂಡದ್ದಕ್ಕಿಂತಲೂ ಹೆಚ್ಚು ನೋವಾಯಿತೆಂದು ಆ ಹುಡುಗಿ ಹೇಳಿದಳಂತೆ. ಅವಳ ಮನೆಯ ಅಂಗಡಿಯಲ್ಲಿ ಉದ್ದರಿ ಪುಸ್ತಕ ಇದೆ. ಗಿರಣಿ ಬಾಗಿಲು ಹಾಕಿದ ತಿಂಗಳುಗಳಲ್ಲಿ ಅವಳ ಅಪ್ಪ ಅದರಲ್ಲಿ ಪುಟಗಟ್ಟಲೆ ಬರೆದುಕೊಂಡು ಅಕ್ಕಿ ಕೊಟ್ಟದ್ದನ್ನು ಅವಳು ಚಿಕ್ಕಂದಿನಿಂದ ಕಂಡಿದ್ದಾಳೆ. ಕೆಲವರು ತೀರಿಸಲಿಲ್ಲ. ಬಹಳ ಮಂದಿ ತೀರಿಸಿದರು.

ಬಡವಳ ಚೀಲವನ್ನು ಬಡವಳ ಕೈಯಿಂದಲೇ ಬಿಚ್ಚಿಸುವ ಈ ಏರ್ಪಾಡನ್ನು ನಾವು ಖಂಡಿಸುತ್ತೇವೆ. ಯಂತ್ರ ಇಡುವ ತೀರ್ಮಾನ ಮಾಡಿದವನು ಆ ಜಾಗದಲ್ಲಿ ಎಂದೂ ನಿಂತಿರುವುದಿಲ್ಲ. ಅವನ ಉಳಿತಾಯದಿಂದ ಹುಟ್ಟಿದ ಜಗಳವನ್ನು ಗಿರಾಕಿಯೂ ನೌಕರಳೂ ಅವನ ಪರವಾಗಿ ಆಡಬೇಕಾಗಿದೆ.

ಯಂತ್ರವೇ ಎಲ್ಲವನ್ನೂ ಮಾಡುತ್ತದೆ ಎಂಬ ಮಾತಿನ ಹಿಂದೆ ಎಷ್ಟು ಕೈಗಳಿರುತ್ತವೆ ಎಂಬುದಕ್ಕೆ ಇನ್ನೊಂದು ಉದಾಹರಣೆ ನಮ್ಮ ದೇಶಕ್ಕೇ ಸಂಬಂಧಿಸಿದ್ದು. ಅಮೆಜಾನ್ ಕಂಪನಿಯವರು ಅಮೆರಿಕದ ತಮ್ಮ ಕೆಲವು ದಿನಸಿ ಮಳಿಗೆಗಳಲ್ಲಿ ಗಲ್ಲಾ, ಯಂತ್ರ ಯಾವುದೂ ಇಲ್ಲದ ಏರ್ಪಾಡು ಮಾಡಿದ್ದರು. ಸಾಮಾನು ತೆಗೆದುಕೊಂಡು ಸುಮ್ಮನೆ ಹೊರಗೆ ನಡೆದರೆ ಸಾಕು, ಕ್ಯಾಮೆರಾಗಳೇ ನೋಡಿ ಲೆಕ್ಕ ಮಾಡುತ್ತವೆ ಎಂದರು. ಆ ಚಿತ್ರಗಳನ್ನು ನೋಡಿ ಪರಿಶೀಲಿಸಲು ಭಾರತದಲ್ಲಿ ಸುಮಾರು ಸಾವಿರ ಮಂದಿ ಕೆಲಸ ಮಾಡುತ್ತಿದ್ದರೆಂದು ಪತ್ರಿಕೆಗಳಲ್ಲಿ ಬಂತು. ಅವರ ಕೆಲಸ ಯಂತ್ರಕ್ಕೆ ಕಲಿಸುವುದು, ಸಂದೇಹವಿದ್ದ ಕೆಲವನ್ನಷ್ಟೇ ನೋಡುವುದು ಎಂದು ಕಂಪನಿ ಹೇಳಿತು. ಅದೇ ನಿಜವಿದ್ದರೂ, ಅಮೆರಿಕದ ಗಿರಾಕಿ ತೆಗೆದುಕೊಂಡದ್ದು ಯಾವ ಡಬ್ಬಿ ಎಂದು ಇಲ್ಲಿ ಕೂತು ನೋಡುವ ಮನುಷ್ಯರು ಬೇಕಾಗಿದ್ದರು ಎಂಬುದಂತೂ ಉಳಿಯಿತು. 2024ರಲ್ಲಿ ಆ ದೊಡ್ಡ ದಿನಸಿ ಮಳಿಗೆಗಳಿಂದ ಆ ಏರ್ಪಾಡನ್ನು ತೆಗೆದುಹಾಕಿದರು.

ಕೆಲವು ಮಿತ್ರರು ಕೇಳಿಯಾರು: ಸಮಾಜವಾದಿಗಳು ಯಂತ್ರದ ವಿರೋಧಿಗಳೇ? ಅಲ್ಲ. ಗಂಟೆಗಟ್ಟಲೆ ಒಂದೇ ಕಡೆ ಕೂತು ಡಬ್ಬಿಗಳನ್ನು ಗಾಜಿನ ಮೇಲೆ ಎಳೆಯುವುದು ಯಾರೂ ಹಾಡಿ ಹೊಗಳಬೇಕಾದ ಕೆಲಸವಲ್ಲ. ಕೈ ಮಣಿಕಟ್ಟು ಸವೆಯುವ ಆ ಕೆಲಸವನ್ನು ಯಂತ್ರ ಮಾಡಲಿ. ಉಳಿದ ಹೊತ್ತು ನೌಕರನಿಗೆ ವಿರಾಮವಾಗಿಯೋ ಕೂಲಿಯಾಗಿಯೋ ಬರಲಿ. ಬರುವುದು ಹೋಗಲಿ, ಕುಳಿತುಕೊಳ್ಳಲು ಒಂದು ಕುರ್ಚಿ ಕೂಡ ಬರಲಿಲ್ಲ. ಎಂಟು ಯಂತ್ರ ನೋಡುವವಳು ಕೂರುವಂತಿಲ್ಲ, ಕೂತರೆ ಎಂಟೂ ಕಾಣವು ಎಂಬುದು ಮಳಿಗೆಯವರ ವಾದ. ಜರ್ಮನಿಯ ಆಲ್ಡಿ ಮಳಿಗೆಗಳವರು ಅಮೆರಿಕದಲ್ಲೂ ತಮ್ಮ ಗಲ್ಲಾ ನೌಕರರಿಗೆ ಕುರ್ಚಿ ಕೊಟ್ಟಿದ್ದಾರೆ. ಅವರ ವ್ಯಾಪಾರವೇನೂ ಮುಳುಗಿಲ್ಲ. ನಮ್ಮ ಪಕ್ಕದ ಕೇರಳದಲ್ಲಿ ಜವಳಿ ಅಂಗಡಿಗಳ ಹೆಣ್ಣುಮಕ್ಕಳು ದಿನವಿಡೀ ನಿಂತು ನಿಂತು ಬೇಸತ್ತು, ಕೂರುವ ಹಕ್ಕಿಗಾಗಿ ವರ್ಷಗಟ್ಟಲೆ ಹೋರಾಡಿ, 2018ರಲ್ಲಿ ಅದನ್ನು ಕಾನೂನಿನಲ್ಲಿ ಬರೆಸಿದರು. 2021ರಲ್ಲಿ ತಮಿಳುನಾಡು ಅದನ್ನು ಅನುಸರಿಸಿತು. ಗಿರಣಿಗಳಿಗಾದರೆ 1948ರ ಕಾರ್ಖಾನೆ ಕಾಯಿದೆಯ 44ನೇ ಕಲಮಿನಲ್ಲೇ ನಿಂತು ದುಡಿಯುವವರಿಗೆ ಕೂರುವ ಏರ್ಪಾಡು ಇರಬೇಕೆಂದು ಹೇಳಿತ್ತು. ಅಂಗಡಿಯಲ್ಲಿ ನಿಲ್ಲುವ ಕಾಲು ಗಿರಣಿಯಲ್ಲಿ ನಿಲ್ಲುವ ಕಾಲಿಗಿಂತ ಬೇರೆಯೇ ಎಂದು ಅಂಗಡಿ ನೌಕರರು ಕೇಳುತ್ತಿದ್ದಾರೆ.

ಎಂಟು ಯಂತ್ರದ ಪ್ರಶ್ನೆಯನ್ನು ನೇರವಾಗಿ ಎತ್ತಿದವರೂ ಇದ್ದಾರೆ. ಅಮೆರಿಕದ ಆರಿಗನ್ ರಾಜ್ಯದಲ್ಲಿ ಒಂದು ಮಳಿಗೆಗೆ ಎರಡೇ ಯಂತ್ರ ಇರಬೇಕೆಂಬ ಶಾಸನವನ್ನು 2020ರ ಮತದಾನದಲ್ಲಿ ಜನರ ಮುಂದೆ ಇಡಲು ಕಾರ್ಮಿಕ ಸಂಘಗಳು ಹೊರಟಿದ್ದವು. ಅದು ಮತಪತ್ರದವರೆಗೆ ಹೋಗಲಿಲ್ಲ. 2024ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆಯ ಮುಂದೆ, ಒಬ್ಬ ನೌಕರನಿಗೆ ಎರಡಕ್ಕಿಂತ ಹೆಚ್ಚು ಯಂತ್ರ ಕೊಡಬಾರದೆಂಬ ಮಸೂದೆ ಬಂತು. ಮೇಲ್ಮನೆಯಲ್ಲಿ ಗೆದ್ದು ಮುಂದೆ ಬಿದ್ದುಹೋಯಿತು. 2025ರಲ್ಲಿ ಅದೇ ರಾಜ್ಯದ ಲಾಂಗ್ ಬೀಚ್ ನಗರದ ಸಭೆ ಕೊನೆಗೆ ಒಂದು ಶಾಸನವನ್ನು ಮಾಡಿಯೇಬಿಟ್ಟಿತು. ಮೂರು ಯಂತ್ರಕ್ಕೆ ಒಬ್ಬ ನೌಕರ ಇರಬೇಕು. ಆ ಹೊತ್ತಿನಲ್ಲಿ ಅವನಿಗೆ ಬೇರೆ ಕೆಲಸ ಹೇಳಬಾರದು. ಯಂತ್ರದ ಬಳಿ 15ಕ್ಕಿಂತ ಹೆಚ್ಚು ಸಾಮಾನು ತರಬಾರದು. ಮನುಷ್ಯ ಕೂತ ಗಲ್ಲಾ ಒಂದಾದರೂ ತೆರೆದಿರಬೇಕು. ಇದಕ್ಕೆ ಕೆಲವು ಮಳಿಗೆಗಳು ಕೊಟ್ಟ ಉತ್ತರ ಯಂತ್ರಗಳನ್ನೇ ಮುಚ್ಚಿ, ನಗರದ ಶಾಸನದಿಂದಾಗಿ ಈ ಸೌಕರ್ಯ ಇಲ್ಲ ಎಂದು ಹಲಗೆ ತೂಗುಹಾಕಿದ್ದು. ಗಿರಾಕಿಗೆ ನಗರಸಭೆಯ ಮೇಲೆ ಸಿಟ್ಟು ಬರಲಿ ಎಂಬುದು ಅದರ ಉದ್ದೇಶವಲ್ಲದೆ ಮತ್ತೇನು? ಮೂರು ಯಂತ್ರಕ್ಕೆ ಒಬ್ಬರ ಸಂಬಳ ಕೊಟ್ಟರೆ ಯಂತ್ರದಿಂದ ಲಾಭವೇ ಇಲ್ಲವೆಂದಾದರೆ, ಇಷ್ಟು ದಿನ ಬಂದ ಲಾಭ ಎಲ್ಲಿಂದ ಬಂತೆಂಬುದನ್ನು ಅವರೇ ಹಲಗೆಯ ಮೇಲೆ ಬರೆದು ತೂಗುಹಾಕಿದಂತಾಯಿತು.

ಒಳ್ಳೆಯ ವರ್ತಕರ ಮಾತನ್ನೂ ಹೇಳದಿದ್ದರೆ ತಪ್ಪಾದೀತು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಬೂತ್ಸ್ ಎಂಬ, 1847ರಿಂದ ನಡೆದಿರುವ ಒಂದು ಮನೆತನದ ಅಂಗಡಿಗಳಿವೆ. 2023ರಲ್ಲಿ ಅವರು ತಮ್ಮ 28 ಮಳಿಗೆಗಳ ಪೈಕಿ ಎರಡನ್ನು ಬಿಟ್ಟು ಉಳಿದೆಲ್ಲ ಕಡೆಯಿಂದ ಈ ಯಂತ್ರಗಳನ್ನು ತೆಗೆಸುವುದಾಗಿ ಸಾರಿದರು. ಬಿಡಿ ಹಣ್ಣು, ತರಕಾರಿ ಮಾರುವ ಅಂಗಡಿಯಲ್ಲಿ ಯಾವುದು ಯಾವುದೆಂದು ತಿಳಿದವರು ಇರಬೇಕು, ಗಿರಾಕಿಗಳಿಗೂ ಮನುಷ್ಯರೇ ಇಷ್ಟ ಎಂಬುದು ಅವರು ಕಂಡುಕೊಂಡದ್ದು. ನಮ್ಮ ಪೇಟೆಯಲ್ಲಿ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು ಹಳೆಯದೋ ಹೊಸದೋ ಹೇಳುವ ವರ್ತಕರಿಗೆ ಇದು ಹೊಸ ಸಂಗತಿಯೇನಲ್ಲ.

ನಮ್ಮ ರಾಜ್ಯದಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಇದೆ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂದು ಅದು ದುಡಿಮೆಗೆ ಮಿತಿ ಹಾಕುತ್ತದೆ. ಒಬ್ಬರಿಗೆ ಎಷ್ಟು ಯಂತ್ರ ಎಂಬ ಲೆಕ್ಕ ಅದರಲ್ಲಿಲ್ಲ. ಆ ಕಾಯಿದೆ ಬರೆದ ಕಾಲದಲ್ಲಿ ಅಂಗಡಿಯಲ್ಲಿ ಇದ್ದ ಯಂತ್ರವೆಂದರೆ ತಕ್ಕಡಿಯೊಂದೇ. ಬೆಂಗಳೂರಿನ ಮಳಿಗೆಗಳಿಗೆ ಬಂದದ್ದು ಜಿಲ್ಲೆಯ ಪೇಟೆಗಳಿಗೆ ಬರುವುದು ತಡವಾಗುವುದಿಲ್ಲ. ಬಂದ ಮೇಲೆ ಬಾಯಿ ಬಡಿದುಕೊಳ್ಳುವ ಬದಲು, ಈಗಲೇ ಆ ಕಾಯಿದೆಗೆ ಎರಡು ಸಾಲು ಸೇರಿಸಬೇಕು: ಒಬ್ಬ ನೌಕರನಿಗೆ ಮೂರಕ್ಕಿಂತ ಹೆಚ್ಚು ಪಾವತಿ ಯಂತ್ರಗಳನ್ನು ಒಪ್ಪಿಸಬಾರದು, ಯಂತ್ರದ ಮೂಲಕ ಆದ ನಷ್ಟವನ್ನು ಅವನ ಸಂಬಳದಿಂದ ಮುರಿಯಬಾರದು. ಕೂರುವ ಹಕ್ಕನ್ನು ಅದರ ಜೊತೆಗೇ ಬರೆಯಲಿ. ಜಿಲ್ಲೆಯ ಶಾಸಕರಿಗೆ ಈ ಬಗ್ಗೆ ಮನವಿ ಸಲ್ಲಿಸಬೇಕೆಂದು ಅಂಗಡಿ ನೌಕರರನ್ನೂ ಗಿರಣಿ ಕಾರ್ಮಿಕರನ್ನೂ ನಾವು ಕೇಳಿಕೊಳ್ಳುತ್ತೇವೆ. ಚಿಕ್ಕ ವರ್ತಕರೂ ಸಹಿ ಹಾಕಬೇಕು. ದೊಡ್ಡ ಮಳಿಗೆ ಹಲವು ಜನರ ಸಂಬಳವನ್ನು ಉಳಿಸಿಕೊಂಡು ಪೈಪೋಟಿಗೆ ನಿಂತರೆ, ಒಬ್ಬ ಆಳನ್ನಿಟ್ಟುಕೊಂಡು ಅವನಿಗೆ ಹಬ್ಬಕ್ಕೆ ಬಟ್ಟೆಯನ್ನೂ ಕೊಡಿಸುವ ಅಂಗಡಿಯವನು ಎಷ್ಟು ದಿನ ತಡೆದಾನು?

ವರ್ತಕರು ಹೊರಡಲು ಎದ್ದಾಗ, ಅಲ್ಲಿಯ ಅಂಗಡಿ ನೌಕರರ ಸಂಘಕ್ಕೆ ಮಗಳು ಸೇರಿದ್ದಾಳೆಯೇ ಎಂದು ಕೇಳಿದೆವು. ಉಸ್‌ಡಾ ಎಂದು ಅದರ ಹೆಸರು, ವಾರಕ್ಕೆ ಕೆಲವೇ ಗಂಟೆ ದುಡಿಯುವ ವಿದ್ಯಾರ್ಥಿಗಳೂ ಸೇರಬಹುದು ಎಂದೆವು. ಅವರು ಜೇಬಿನಿಂದ ಅಂಗಡಿಯ ಚೀಟಿ ತೆಗೆದು ಅದರ ಹಿಂದೆ ಆ ಹೆಸರು ಬರೆದುಕೊಂಡರು. ಭಾನುವಾರ ಫೋನು ಬರುತ್ತದೆ, ಆಗ ಕೇಳುತ್ತೇನೆ ಎಂದರು.